ತಾಲ್ಲೂಕು ಕೋರ್ಟಲ್ಲಿ ಎರಡು ಸಲ ಗೆದ್ದಿದ್ದೇವೆ, ಧಾರವಾಡಕ್ಕೆ ಬೇರೆ ವಕೀಲರು ಯಾಕೆ ಬೇಕು?

ಏಲಕ್ಕಿಹಾರ:

ಕೋರ್ಟು ಕಚೇರಿ ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ. ನಮ್ಮದು ಹಾವೇರಿ ಜಿಲ್ಲೆಯ ಹಳ್ಳಿ, ನಾನು ಕೆಲಸದ ಮೇಲೆ ಪುಣೆಯಲ್ಲಿದ್ದೇನೆ. ಕೇಸಿನ ಓಡಾಟವೆಲ್ಲ ಅಪ್ಪನೇ ಮಾಡುತ್ತಿದ್ದರು. ಈಗ ಅವರಿಗೆ ಮೊಣಕಾಲು ನೋವು, ಹಾಗಾಗಿ ಫೈಲು ನನ್ನ ಕೈಗೆ ಬಂತು. ತೆಗೆದು ನೋಡಿದರೆ ತಲೆಬುಡ ಗೊತ್ತಾಗುತ್ತಿಲ್ಲ.

ಅಜ್ಜನ ಹೊಲ, ಮನೆಯಲ್ಲಿ ಪಾಲು ಕೇಳಿ ಅಪ್ಪ ಚಿಕ್ಕಪ್ಪನ ಮೇಲೆ ದಾವೆ ಹಾಕಿದ್ದರು. ಸೋದರತ್ತೆಯೂ ಅದರಲ್ಲಿ ಪಾರ್ಟಿ. ತಾಲ್ಲೂಕು ಕೋರ್ಟಲ್ಲಿ ನಮ್ಮ ಪರ ಆಯಿತು. ಚಿಕ್ಕಪ್ಪ ಅಪೀಲು ಹಾಕಿದರು. ಆ ಅಪೀಲೂ ಅದೇ ಕಾಂಪೌಂಡಿನಲ್ಲಿ, ಪಕ್ಕದ ಹಾಲಿನಲ್ಲಿ ನಡೆಯಿತು! ಅಲ್ಲೂ ನಾವೇ ಗೆದ್ದೆವು. ಈಗ ಧಾರವಾಡದಿಂದ ನೋಟಿಸ್ ಬಂದಿದೆ, ಮೇಲೆ ಆರ್‌ಎಸ್‌ಎ ಅಂತ ಇದೆ, ನಂಬರು ಲಕ್ಷದ ಮೇಲಿದೆ. ನಮ್ಮ ವಕೀಲರು ನಾನು ಅಲ್ಲಿಗೆ ಬರುವುದಿಲ್ಲ, ಅಲ್ಲಿ ಪರಿಚಯದವರಿದ್ದಾರೆ, ಅವರಿಗೆ ವಕಾಲತ್ತು ಕೊಡಿ, ಬೇಕಾದರೆ ಮುಂದೆ ಒಬ್ಬ ಸೀನಿಯರ್ ಇಡೋಣ ಅಂದರು. ಅಂದರೆ ಮೂರು ಜನಕ್ಕೆ ಫೀಸು. ಇದು ನಿಜವಾಗಲೂ ನಿಯಮವಾ ಅಥವಾ ಸುಮ್ನೆ ಹೇಳ್ತಾರಾ?

ಇನ್ನೊಂದು, ಎರಡು ಕೋರ್ಟಲ್ಲಿ ಗೆದ್ದರೂ ಪಹಣಿಯಲ್ಲಿ ಅಪ್ಪನ ಹೆಸರಿಗೆ ಪಾಲು ಬಂದಿಲ್ಲ. ಡಿಕ್ರಿ ಹಿಡಿದು ತಹಶೀಲ್ದಾರ್ ಆಫೀಸಿಗೆ ಹೋದರೆ ಇದು ಸಾಲದು ಅಂತ ವಾಪಸ್ ಕಳಿಸಿದರಂತೆ. ಬದುವಿನ ಜಗಳದಲ್ಲಿ ಚಿಕ್ಕಪ್ಪ ಪೊಲೀಸ್ ಕಂಪ್ಲೇಂಟ್ ಕೊಟ್ಟಿದ್ದರು, ಆ ಕೇಸನ್ನೂ ಈ ಸಿವಿಲ್ ಜಡ್ಜೇ ನೋಡುತ್ತಿದ್ದಾರೆ. ಅದು ಹೇಗೆ? ಅದೂ ಅಲ್ಲದೆ ಅವರು ನನಗಿಂತ ಚಿಕ್ಕವರ ಹಾಗೆ ಕಾಣುತ್ತಾರೆ ಅಂತ ಅಪ್ಪನ ಗೊಣಗಾಟ ಬೇರೆ.

ಕರಿಕೋಟು:

ಮೇಡಂ, ನಾನು ದಾವಣಗೆರೆಯಲ್ಲಿ ಪ್ರಾಕ್ಟೀಸ್ ಮಾಡುತ್ತೇನೆ. ಫೀಸಿನ ವಿಷಯಕ್ಕೆ ಬರುವ ಮೊದಲು ಮೆಟ್ಟಿಲುಗಳು ಗೊತ್ತಾದರೆ ಮಿಕ್ಕಿದ್ದು ತಾನಾಗಿ ಅರ್ಥ ಆಗುತ್ತೆ.

ತಾಲ್ಲೂಕಿನಲ್ಲಿ ಎಲ್ಲಕ್ಕಿಂತ ಕೆಳಗಿರುವುದು ಸಿವಿಲ್ ನ್ಯಾಯಾಧೀಶರ ಕೋರ್ಟು. ದಾವೆಯ ಬೆಲೆ 5 ಲಕ್ಷದವರೆಗೆ ಇದ್ದರೆ ಅಲ್ಲಿ ಹಾಕಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಹಿರಿಯ ಸಿವಿಲ್ ನ್ಯಾಯಾಧೀಶರ ಹತ್ತಿರ. ಇದೆಲ್ಲ 1964ರ ಕರ್ನಾಟಕ ಸಿವಿಲ್ ನ್ಯಾಯಾಲಯಗಳ ಕಾಯ್ದೆಯಲ್ಲಿದೆ. ನಿಮ್ಮದು ಮೊದಲನೆಯದರಲ್ಲಿ ಓ.ಎಸ್. ನಂಬರಾಗಿ ನಡೆದಿದೆ, ಅಂದರೆ ಅಸಲು ದಾವೆ. ಅದರ ಮೇಲಿನ ಅಪೀಲು ಆರ್.ಎ. ನಂಬರಾಗಿ ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ ಬಂದಿದೆ. ಕಟ್ಟಡ ಒಂದೇ ಆದರೂ ಕೋರ್ಟು ಬೇರೆ, ಜಡ್ಜು ಬೇರೆ, ದರ್ಜೆಯೂ ಬೇರೆ. ಅದರ ಮೇಲೆ ಹಾವೇರಿಯಲ್ಲಿ ಜಿಲ್ಲಾ ನ್ಯಾಯಾಧೀಶರಿದ್ದಾರೆ, ನಿಮ್ಮ ಈ ಕೇಸು ಅವರ ಹತ್ತಿರ ಹೋಗದೆ ನೇರವಾಗಿ ಹೈಕೋರ್ಟಿಗೆ ಹತ್ತಿದೆ ಅಷ್ಟೇ. ಬೆಂಗಳೂರು ನಗರದ್ದು ಇನ್ನೊಂದೇ ಕಥೆ, ಅಲ್ಲಿ ಸಿಟಿ ಸಿವಿಲ್ ಕೋರ್ಟಿಗೆ ಬೇರೆ ಕಾಯ್ದೆಯೇ ಇದೆ, ಅಲ್ಲಿ ಸೋತರೆ ಮೊದಲ ಅಪೀಲೇ ಹೈಕೋರ್ಟಲ್ಲಿ.

ಧಾರವಾಡ ಬೇರೆ ಹೈಕೋರ್ಟ್ ಅಲ್ಲ. ಕರ್ನಾಟಕ ಹೈಕೋರ್ಟ್ ಒಂದೇ, ಮುಖ್ಯ ಪೀಠ ಬೆಂಗಳೂರಿನ ಅಠಾರ ಕಚೇರಿಯಲ್ಲಿ. ಧಾರವಾಡ, ಕಲಬುರಗಿಯಲ್ಲಿ 2008ರ ಜುಲೈಯಲ್ಲಿ ಸಂಚಾರಿ ಪೀಠಗಳು ಶುರುವಾದವು, 2013ರಲ್ಲಿ ಕಾಯಂ ಆದವು. ಹಾವೇರಿ ಜಿಲ್ಲೆ ಧಾರವಾಡ ಪೀಠಕ್ಕೆ ಬರುತ್ತೆ. ನಂಬರು ಲಕ್ಷದ ಮೇಲಿದೆ ಅಂದಿರಲ್ಲ, ಅಷ್ಟು ಕೇಸು ಬಿದ್ದಿವೆ ಅಂತ ಗಾಬರಿ ಆಗಬೇಡಿ. ಗುರುತು ಸಿಗಲಿ ಅಂತ ಧಾರವಾಡದ ನಂಬರುಗಳನ್ನು 1 ಲಕ್ಷದಿಂದ, ಕಲಬುರಗಿಯದನ್ನು 2 ಲಕ್ಷದಿಂದ ಶುರು ಮಾಡುತ್ತಾರೆ.

ಆರ್‌ಎಸ್‌ಎ ಅಂದರೆ ಎರಡನೇ ಅಪೀಲು. ಇದನ್ನು ನೀವು ಚೆನ್ನಾಗಿ ತಿಳಿದುಕೊಳ್ಳಬೇಕು. ಯಾರು ಉಳುತ್ತಿದ್ದರು, ಯಾವ ಸಾಕ್ಷಿ ನಿಜ ಹೇಳಿದ, ಹಳೆಯ ವಾಟ್ನಿ ಪತ್ರ (ಪಾಲು ಪಟ್ಟಿ) ಅಸಲಿಯಾ ನಕಲಿಯಾ, ಇದನ್ನೆಲ್ಲ ಹೈಕೋರ್ಟು ಮತ್ತೆ ಮೊದಲಿಂದ ಕೆದಕುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 100ನೇ ಕಲಮಿನಲ್ಲಿ, ಕಾನೂನಿನ ಮಹತ್ವದ ಪ್ರಶ್ನೆ ಒಂದಾದರೂ ಇದ್ದರೆ ಮಾತ್ರ ಎರಡನೇ ಅಪೀಲು ಕೇಳಬೇಕು, ಆ ಪ್ರಶ್ನೆ ಏನು ಅಂತ ಮೊದಲೇ ಬರೆದುಕೊಳ್ಳಬೇಕು ಅಂತ ಇದೆ. ಕೆಳಗಿನ ಎರಡೂ ಕೋರ್ಟು ಒಂದೇ ಮಾತು ಹೇಳಿರುವಾಗ ಚಿಕ್ಕಪ್ಪನವರ ದಾರಿ ಕಿರಿದು. ಸೋಲುತ್ತಾರೆ ಅಂತ ನಾನು ಹೇಳುತ್ತಿಲ್ಲ, ಫೈಲು ನೋಡದೆ ಹಾಗೆ ಹೇಳಬಾರದು.

ಈಗ ವಕೀಲರು. 1961ರ ವಕೀಲರ ಕಾಯ್ದೆಯ ಪ್ರಕಾರ ನಮ್ಮ ದೇಶದಲ್ಲಿ ಇರುವುದು ಒಂದೇ ಜಾತಿ, ಅಡ್ವೊಕೇಟ್. ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದವರು ತಾಲ್ಲೂಕಲ್ಲೂ ವಾದ ಮಾಡಬಹುದು, ಹೈಕೋರ್ಟಲ್ಲೂ ಮಾಡಬಹುದು. ಹಾಗಾಗಿ ನಿಮ್ಮ ವಕೀಲರೇ ಧಾರವಾಡಕ್ಕೆ ಬಂದು ನಿಂತರೆ ಯಾರೂ ಬೇಡ ಅನ್ನುವುದಿಲ್ಲ. ಆದರೆ ಅವರಿಗೆ ಅದೇ ದಿನ ಇಲ್ಲಿ ಐದಾರು ಕೇಸು ಕರೆಯುತ್ತಾರೆ, ಅಲ್ಲಿ ಯಾವ ಹೊತ್ತಿಗೆ ಕರೆಯುತ್ತಾರೋ ಗೊತ್ತಿಲ್ಲ, ತಾಲ್ಲೂಕಲ್ಲಿ ಕನ್ನಡದಲ್ಲೇ ಎಲ್ಲ ನಡೆಯುತ್ತೆ, ಹೈಕೋರ್ಟಲ್ಲಿ ಇಂಗ್ಲಿಷು. ಕೆಲಸದ ಅನುಕೂಲಕ್ಕೆ ಅಲ್ಲಿಯವರನ್ನು ಹಿಡಿಯುತ್ತಾರೆ. ನಾನೂ ಹಾಗೇ ಮಾಡುವುದು. ಧಾರವಾಡದವರಿಗೆ ಫೀಸು ಕೊಡಿ, ಇವರಿಗೆ ಕಾಗದಪತ್ರ ಸರಿಮಾಡಿ ಕಳಿಸಿದ್ದಕ್ಕೆ ಏನಾದರೂ ಕೊಡುವುದಿದ್ದರೆ ಮೊದಲೇ ಮಾತಾಡಿಕೊಳ್ಳಿ.

ಸೀನಿಯರ್ ಅನ್ನುವುದನ್ನು ವಿಚಾರಿಸಿ. ಆಫೀಸಿನಲ್ಲಿ ತಮಗಿಂತ ಹಿರಿಯರನ್ನೂ ನಾವು ಸೀನಿಯರ್ ಅನ್ನುತ್ತೇವೆ. ಆದರೆ ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟ್ ಪದನಾಮ ಕೊಟ್ಟ ಹಿರಿಯ ವಕೀಲರು ಬೇರೆ. ಅವರು ವಕಾಲತ್ತು ಹಾಕುವ ಹಾಗಿಲ್ಲ, ಕಕ್ಷಿದಾರರಿಂದ ನೇರವಾಗಿ ಕೇಸು ತೆಗೆದುಕೊಳ್ಳುವ ಹಾಗಿಲ್ಲ, ಜೊತೆಗೆ ಇನ್ನೊಬ್ಬ ವಕೀಲರು ಇರಲೇಬೇಕು. ನೀವು ಎರಡು ಕಡೆ ಗೆದ್ದು ಎದುರುದಾರರಾಗಿ ನಿಂತಿದ್ದೀರಿ. ಅಪೀಲು ವಿಚಾರಣೆಗೆ ತೆಗೆದುಕೊಳ್ಳಬೇಕಾ ಅಂತ ನೋಡುವ ಅಡ್ಮಿಶನ್ ಹಂತಕ್ಕೆ ಅಂಥವರು ಬೇಕಾ? ನನ್ನನ್ನು ಕೇಳಿದರೆ ಬೇಡ.

ಹಳೆಬೆಂಚು:

ವಕೀಲರು ಹೈಕೋರ್ಟಿನದ್ದು ಹೇಳಿದರು. ನಾನು ಕೋರ್ಟ್ ಸಿಬ್ಬಂದಿಯಾಗಿ ಇದ್ದು ನಿವೃತ್ತನಾದವನು, ಶಿರಸ್ತೇದಾರನಾಗಿದ್ದೆ. ಪಹಣಿ ಯಾಕೆ ಬದಲಾಗಿಲ್ಲ ಅನ್ನುವುದನ್ನು ನಾನು ಹೇಳುತ್ತೇನೆ ತಾಯಿ.

ಪಾಲು ದಾವೆಯಲ್ಲಿ ಎರಡು ಡಿಕ್ರಿ ಇರುತ್ತವೆ. ಮೊದಲನೆಯದು ಪ್ರಾಥಮಿಕ ಡಿಕ್ರಿ, ಅದರಲ್ಲಿ ಅಪ್ಪನಿಗೆ ಮೂರರಲ್ಲಿ ಒಂದು ಪಾಲು ಅಂತ ಇಷ್ಟೇ ಬರೆದಿರುತ್ತಾರೆ. ಯಾವ ಮೂಲೆ, ಬಾವಿ ಯಾರ ಕಡೆ, ದಾರಿ ಎಲ್ಲಿ, ಏನೂ ಇರುವುದಿಲ್ಲ. ತಹಶೀಲ್ದಾರರು ಯಾವ ಮೂರನೇ ಒಂದನ್ನು ಅಪ್ಪನ ಹೆಸರಿಗೆ ಬರೆಯಬೇಕು ಹೇಳಿ? ಹಾಗಾಗಿ ವಾಪಸ್ ಕಳಿಸಿದ್ದು ತಪ್ಪಲ್ಲ.

ಮುಂದೆ ಎಫ್‌ಡಿಪಿ ಅಂತ ಹಾಕಬೇಕು, ಅಂದರೆ ಎರಡನೆಯದಾದ ಅಂತಿಮ ಡಿಕ್ರಿಗೆ ಅರ್ಜಿ. ಮನೆಯಾದರೆ ಕೋರ್ಟ್ ಒಬ್ಬ ಕಮಿಷನರನ್ನು ನೇಮಿಸುತ್ತೆ, ಅವರು ಬಂದು ಅಳೆದು ವರದಿ ಕೊಡುತ್ತಾರೆ. ಕಂದಾಯ ಕಟ್ಟುವ ಹೊಲವಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೇ ಕಲಮಿನಂತೆ ಕಾಗದ ಜಿಲ್ಲಾಧಿಕಾರಿಗಳಿಗೆ ಹೋಗುತ್ತೆ, ಅವರ ಕೈಕೆಳಗಿನ ಗೆಜೆಟೆಡ್ ಅಧಿಕಾರಿ ಸರ್ವೆಯವರನ್ನು ಕರೆದುಕೊಂಡು ಪಾಲು ಮಾಡಿಕೊಡುತ್ತಾರೆ. ಆಮೇಲೆ ಪೋಡಿ, ಅಂದರೆ ಸರ್ವೆ ನಂಬರು ಒಡೆದು ಬೇರೆ ಮಾಡುವುದು, ಆಮೇಲೆ ಪಹಣಿ. ಅಂದರೆ ನಿಮ್ಮ ಕೇಸು ಸಿವಿಲ್ ಕೋರ್ಟಿನಿಂದ ಕಂದಾಯ ಇಲಾಖೆಗೆ ಹೋಗಿ ಬರಬೇಕು. ಜನ ಇಲ್ಲೇ ಸೋತುಹೋಗುವುದು. ದಾವೆ ಗೆದ್ದಾಗ ಪೇಡಾ ಹಂಚಿ ಮನೆಗೆ ಹೋಗಿಬಿಡುತ್ತಾರೆ, ಎಫ್‌ಡಿಪಿ ಹಾಕುವುದೇ ಇಲ್ಲ, ಮಕ್ಕಳ ಕಾಲಕ್ಕೆ ಹಳೇ ಡಿಕ್ರಿ ಹಿಡಿದುಕೊಂಡು ಬರುತ್ತಾರೆ, ಆ ಹೊತ್ತಿಗೆ ಪಾರ್ಟಿಗಳಲ್ಲಿ ಅರ್ಧ ಜನ ತೀರಿಹೋಗಿರುತ್ತಾರೆ, ಅವರ ವಾರಸುದಾರರನ್ನೆಲ್ಲ ಹುಡುಕಿ ನೋಟಿಸ್ ಕೊಡುವುದರಲ್ಲೇ ವರ್ಷ ಕಳೆಯುತ್ತೆ. ಪ್ರಾಥಮಿಕ ಡಿಕ್ರಿ ಆದಮೇಲೆ ಬೇರೆ ಅರ್ಜಿಗೆ ಕಾಯದೆ ಕೋರ್ಟೇ ಮುಂದುವರಿಸಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೀವು ಮಾತ್ರ ಅದನ್ನೇ ನಂಬಿಕೊಂಡು ಕೂರಬೇಡಿ, ಫೈಲು ಎಲ್ಲಿದೆ ಅಂತ ಹೋಗಿ ಕೇಳಿ.

ಎಲ್ಲಕ್ಕಿಂತ ಮುಖ್ಯ. ಅಪೀಲು ಹಾಕಿದ ಮಾತ್ರಕ್ಕೆ ಸ್ಟೇ ಬಂದ ಹಾಗಲ್ಲ. ಹೈಕೋರ್ಟು ತಡೆಯಾಜ್ಞೆ ಕೊಟ್ಟಿದ್ದರೆ ಮಾತ್ರ ಕೆಳಗೆ ನಿಲ್ಲುತ್ತೆ. ನೋಟಿಸಿನ ಜೊತೆ ಬಂದ ಕಾಗದದಲ್ಲಿ ಐ.ಎ. ಅಂತ, ಅಂದರೆ ಮಧ್ಯಂತರ ಅರ್ಜಿ, ಏನಾದರೂ ಇದೆಯಾ, ಅದರ ಮೇಲೆ ಆದೇಶ ಆಗಿದೆಯಾ ನೋಡಿ.

ಮೆಣಸಿನಕಾಯಿ_ಬ್ಯಾಡಗಿ:

ನೋಡ್ರಿ ಅಕ್ಕಾರ, ಕಾಯ್ದೆ ಪುಸ್ತಕದಾಗ ಎಲ್ಲಾ ಚಂದ ಇರತೈತಿ. ನಮ್ಮ ಕೇಸಿನ್ಯಾಗ ನಮ್ಮ ವಕೀಲರು ಗೆದ್ದರ ಹತ್ತರಾಗ ಒಂದು ಪಾಲು ಹೊಲ ಕೊಡ್ರಿ, ಈಗೇನೂ ಬ್ಯಾಡ ಅಂದಿದ್ದರು. ನನಗ ಅದ ಛಲೋ ಅನಿಸ್ತು. ಮೂರು ಮೂರು ಮಂದಿಗೆ ರೊಕ್ಕ ಕೊಡೋದಕ್ಕಿಂತ ಹಂಗ ಮಾಡ್ರಿ.

ಕರಿಕೋಟು:

@ಮೆಣಸಿನಕಾಯಿ_ಬ್ಯಾಡಗಿ ಸರ್, ದಯವಿಟ್ಟು ಹಾಗೆ ಯಾರಿಗೂ ಹೇಳಬೇಡಿ. ಕೇಸಿನ ಫಲಿತಾಂಶದ ಮೇಲೆ ಫೀಸು ನಿಗದಿ ಮಾಡುವುದು, ಗೆದ್ದ ಆಸ್ತಿಯಲ್ಲಿ ಪಾಲು ಕೇಳುವುದು ವಕೀಲರಿಗೆ ನಿಷಿದ್ಧ, ಭಾರತೀಯ ವಕೀಲರ ಪರಿಷತ್ತಿನ ನಿಯಮದಲ್ಲೇ ಇದೆ. ಅಂಥ ಮಾತು ಬಂದರೆ ಅಲ್ಲಿಂದ ಎದ್ದು ಬನ್ನಿ. ಹಾಗೇ ವಕೀಲರನ್ನು ಬದಲಾಯಿಸಬೇಕು ಅಂದರೆ ಹಳಬರಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ಕೇಳುವುದು ರೂಢಿ. ಆದರೆ ಫೀಸು ಬಾಕಿ ಇದೆ ಅಂತ ಕಕ್ಷಿದಾರರ ಫೈಲನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗೆ ಇಲ್ಲ ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ.

ಲೀಡ್ಸ್_ಕನ್ನಡಿಗ:

ನಾನಿರುವ ಇಂಗ್ಲೆಂಡಿನಲ್ಲಿ ಇದು ಶುರುವಿನಿಂದಲೇ ಎರಡು ದಾರಿ. ಕಕ್ಷಿದಾರರನ್ನು ನೋಡುವುದು, ಕಾಗದಪತ್ರ, ಪತ್ರವ್ಯವಹಾರ ಸಾಲಿಸಿಟರ್ ಕೆಲಸ. ದೊಡ್ಡ ಕೋರ್ಟಲ್ಲಿ ಎದ್ದು ವಾದಿಸುವುದು ಹೆಚ್ಚಾಗಿ ಬ್ಯಾರಿಸ್ಟರ್ ಕೆಲಸ. ಸಾಮಾನ್ಯವಾಗಿ ಸಾಲಿಸಿಟರ್ ಮೂಲಕವೇ ಬ್ಯಾರಿಸ್ಟರ್ ಹತ್ತಿರ ಹೋಗುತ್ತೇವೆ, ಅಂದರೆ ಇಬ್ಬರಿಗೆ ಫೀಸು ಮೊದಲಿನಿಂದಲೇ ಇದೆ. ಈಗ ಗೆರೆ ಸ್ವಲ್ಪ ಸಡಿಲ ಆಗಿದೆ, ಆದರೂ ಎರಡು ವೃತ್ತಿ, ಎರಡು ಸಂಸ್ಥೆ. ನಮ್ಮಲ್ಲಿ ಹಾಗಿಲ್ಲ ಅಂದರೂ ಆಚರಣೆಯಲ್ಲಿ ಅಲ್ಲಿಗೇ ಬರುತ್ತೆ ಅಲ್ವಾ?

ಕರಿಕೋಟು:

ಸ್ವಲ್ಪ ಹೌದು. ಮುಂಬೈ, ಕೋಲ್ಕತ್ತ ಹೈಕೋರ್ಟುಗಳಲ್ಲಿ ಅಟಾರ್ನಿ ಅಂತ ಬೇರೆ ವರ್ಗವೇ ಇತ್ತು, ಅದನ್ನು 1976ರ ತಿದ್ದುಪಡಿಯಲ್ಲಿ ತೆಗೆದರು. ಈಗ ಆ ಥರದ ಗೋಡೆ ಉಳಿದಿರುವುದು ಸುಪ್ರೀಂ ಕೋರ್ಟಲ್ಲಿ. ಅಲ್ಲಿ ಅಡ್ವೊಕೇಟ್ ಆನ್ ರೆಕಾರ್ಡ್ ಅಂತ ಇದ್ದಾರೆ, ಕೇಸು ಫೈಲ್ ಮಾಡುವುದು ಅವರ ಕೈಯಿಂದಲೇ ಆಗಬೇಕು. ಅದಕ್ಕೆ ನಾಲ್ಕು ವರ್ಷ ಪ್ರಾಕ್ಟೀಸ್ ಆಗಿರಬೇಕು, ಅಂಥವರ ಹತ್ತಿರ ಒಂದು ವರ್ಷ ತರಬೇತಿ, ಆಮೇಲೆ ಪರೀಕ್ಷೆ, ಜೊತೆಗೆ ದೆಹಲಿಯಲ್ಲಿ ಕೋರ್ಟಿನಿಂದ 16 ಕಿ.ಮೀ. ಒಳಗೆ ಆಫೀಸು ಇರಬೇಕು. ಮೇಡಂ ಅಲ್ಲಿವರೆಗೆ ಹೋಗುವುದು ಬೇಡ ಅಂತ ಹಾರೈಸೋಣ.

ಏಲಕ್ಕಿಹಾರ:

ತುಂಬಾ ಉಪಕಾರ ಆಯಿತು. @ಹಳೆಬೆಂಚು ಸರ್, ಕಾಗದ ನೋಡಿದೆ. ಐ.ಎ. ಒಂದು ಇದೆ, ಸ್ಟೇ ಕೇಳಿದ್ದಾರೆ, ಆದೇಶದ ಪ್ರತಿ ಇಲ್ಲ. ಆಗಿದೆಯೋ ಇಲ್ಲವೋ ಇಲ್ಲಿಂದ ತಿಳಿಯುವುದು ಹೇಗೆ? ಮತ್ತೆ ನಮ್ಮ ಅತ್ತೆಗೂ ನೋಟಿಸ್ ಬಂದಿದೆ, ಅವರು ಒಂಟಿ, ಫೀಸು ಕೊಡುವ ಶಕ್ತಿ ಇಲ್ಲ. ಹೊಡೆದಾಟದ ಕೇಸಿನ ಬಗ್ಗೆ ಯಾರೂ ಹೇಳಲಿಲ್ಲ.

ಹಳೆಬೆಂಚು:

ಹೈಕೋರ್ಟಿನ ವೆಬ್‌ಸೈಟಲ್ಲಿ ಧಾರವಾಡ ಪೀಠ ಆರಿಸಿ ಕೇಸ್ ನಂಬರು ಹಾಕಿ, ಯಾವ ದಿನ ಏನಾಯಿತು ಅಂತ ಬರುತ್ತೆ, ಆದೇಶ ಆಗಿದ್ದರೆ ಅದೂ ಸಿಗುತ್ತೆ. ತಾಲ್ಲೂಕಿನ ಕೇಸುಗಳಿಗೆ ಇ-ಕೋರ್ಟ್ಸ್ ಆ್ಯಪ್ ಇದೆ. ಪ್ರತಿ ಕೇಸಿಗೆ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಇರುತ್ತೆ, ನಮ್ಮ ರಾಜ್ಯದ್ದು ಕೆಎ ಅಂತ ಶುರುವಾಗುತ್ತೆ, ಅದನ್ನು ಒಂದು ಸಲ ಹಾಕಿಟ್ಟುಕೊಂಡರೆ ಮುಂದಿನ ಮುದ್ದತ್ತು ಪುಣೆಯಲ್ಲಿ ಕೂತೇ ಗೊತ್ತಾಗುತ್ತೆ. ಯಾರಿಗೂ ಫೋನ್ ಮಾಡಿ ಅಂಗಲಾಚಬೇಕಿಲ್ಲ.

ಅತ್ತೆಯವರಿಗೆ ಉಚಿತ ವಕೀಲರು ಸಿಗುತ್ತಾರೆ. ಕಾನೂನು ಸೇವೆಗಳ ಪ್ರಾಧಿಕಾರದ ಕಾಯ್ದೆಯಲ್ಲಿ ಮಹಿಳೆಯರಿಗೆ ಆದಾಯದ ಮಿತಿಯೇ ಇಲ್ಲ. ಮಕ್ಕಳು, ಎಸ್‌ಸಿ, ಎಸ್‌ಟಿ, ಅಂಗವಿಕಲರು, ಜೈಲಿನಲ್ಲಿರುವವರಿಗೂ ಹಾಗೇ. ಹೈಕೋರ್ಟಿನ ಕೇಸಾದ್ದರಿಂದ ಧಾರವಾಡದಲ್ಲಿರುವ ಹೈಕೋರ್ಟ್ ಕಾನೂನು ಸೇವಾ ಸಮಿತಿಗೆ ಅರ್ಜಿ ಹಾಕಬೇಕು. ಎಲ್ಲಿ ಹೋಗಬೇಕು ತಿಳಿಯದಿದ್ದರೆ 15100ಕ್ಕೆ ಫೋನ್ ಮಾಡಲಿ. ನನ್ನ ಕಾಲದಲ್ಲಿ ಎಷ್ಟೋ ಹೆಣ್ಣುಮಕ್ಕಳು ಬಳೆ ಒತ್ತೆ ಇಟ್ಟು ಫೀಸು ಕಟ್ಟುತ್ತಿದ್ದರು, ಈ ಸಮಿತಿಯ ಬೋರ್ಡು ಅದೇ ಕಟ್ಟಡದ ಕೆಳಗಡೆ ಇರುತ್ತಿತ್ತು.

ಲಾಸ್ಟ್_ಬೆಂಚ್_ಲಾಯರ್:

ನಾನು ಎಲ್‌ಎಲ್‌ಬಿ ಕೊನೇ ವರ್ಷ, ಕ್ರಿಮಿನಲ್ ಭಾಗ ನಾನು ಹೇಳ್ತೀನಿ. ನಿಮ್ಮ ತಾಲ್ಲೂಕು ಕೋರ್ಟಿನ ಬೋರ್ಡು ಸರಿಯಾಗಿ ನೋಡಿ, ಸಿವಿಲ್ ನ್ಯಾಯಾಧೀಶರು ಮತ್ತು ಜೆಎಂಎಫ್‌ಸಿ ಅಂತ ಇರುತ್ತೆ. ಅಂದ್ರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್. ಒಬ್ಬರೇ ವ್ಯಕ್ತಿ, ಎರಡು ಅಧಿಕಾರ. ಬೆಳಗ್ಗೆ ಪಾಲಿನ ದಾವೆಯಲ್ಲಿ ಪಾಟೀಸವಾಲು ಕೇಳಿ ಮಧ್ಯಾಹ್ನ ಹೊಡೆದಾಟದ ಕೇಸು ನಡೆಸಬಹುದು. ಅವರು ಕೊಡಬಹುದಾದ ಜೈಲು ಶಿಕ್ಷೆ ಹೆಚ್ಚೆಂದರೆ 3 ವರ್ಷ. ಜಿಲ್ಲೆಯ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರಿಗೆ 7 ವರ್ಷದವರೆಗೆ. ಕೊಲೆಯಂಥ ಕೇಸು ಸೆಷನ್ಸ್ ಕೋರ್ಟಿಗೆ ಹೋಗುತ್ತೆ, ಅಲ್ಲೂ ಅಷ್ಟೇ, ಜಿಲ್ಲಾ ನ್ಯಾಯಾಧೀಶರೇ ಸೆಷನ್ಸ್ ನ್ಯಾಯಾಧೀಶರು. ಅಲ್ಲಿ ಮರಣದಂಡನೆ ಕೊಟ್ಟರೆ ಹೈಕೋರ್ಟ್ ಖಾಯಂ ಮಾಡುವವರೆಗೆ ಜಾರಿ ಆಗಲ್ಲ.

ಆ ಕೇಸಲ್ಲಿ ನಿಮ್ಮ ಚಿಕ್ಕಪ್ಪ ಬರೀ ದೂರುದಾರ, ಸಾಕ್ಷಿ. ಅವರ ಪರವಾಗಿ ನಡೆಸುವವರು ಸರ್ಕಾರದ ಎಪಿಪಿ, ಸಹಾಯಕ ಸರ್ಕಾರಿ ಅಭಿಯೋಜಕರು. ಸಣ್ಣಪುಟ್ಟ ಗಾಯದ ಕೇಸಾದರೆ ರಾಜಿ ಮಾಡಿಕೊಳ್ಳಬಹುದು, ಲೋಕ ಅದಾಲತ್ ದಿನ ತುಂಬಾ ಕೇಸು ಹಾಗೇ ಮುಗಿಯುತ್ತವೆ.

ಮತ್ತೆ ವಯಸ್ಸಿನ ವಿಷಯ 😀 ಸಿವಿಲ್ ಜಡ್ಜ್ ಆಗುವುದು ಹೈಕೋರ್ಟ್ ನಡೆಸುವ ಪರೀಕ್ಷೆಯಿಂದ. 2002ರಿಂದ ಪ್ರಾಕ್ಟೀಸ್ ಇಲ್ಲದವರಿಗೂ ದಾರಿ ತೆರೆದಿತ್ತು, 2025ರ ಮೇ 20ರಂದು ಸುಪ್ರೀಂ ಕೋರ್ಟ್ ಮೂರು ವರ್ಷದ ಪ್ರಾಕ್ಟೀಸ್ ಬೇಕೇ ಬೇಕು ಅಂತ ಮತ್ತೆ ತಂದಿತು. ನನ್ನಂಥವರ ಲೆಕ್ಕಾಚಾರ ಎಲ್ಲ ಕೆಟ್ಟುಹೋಯ್ತು ಬಿಡಿ.

ಹಳೆಬೆಂಚು:

@ಲಾಸ್ಟ್_ಬೆಂಚ್_ಲಾಯರ್ ಮೂರು ವರ್ಷ ತಾಲ್ಲೂಕು ಕೋರ್ಟಲ್ಲಿ ಓಡಾಡಿ ತಮ್ಮಾ, ನಷ್ಟವೇನಿಲ್ಲ. ಹೈಕೋರ್ಟಲ್ಲಿ ಏನೇ ವಾದ ಮಾಡಿದರೂ ಅದಕ್ಕೆ ಸಾಮಾನು ಕೆಳಗಿನ ಕೋರ್ಟಿನ ದಾಖಲೆಯಲ್ಲಿ ಇರಬೇಕು. ಅಲ್ಲಿ ಹಾಜರುಪಡಿಸದ ಕಾಗದ, ಕೇಳದೆ ಬಿಟ್ಟ ಪಾಟೀಸವಾಲು ಮೇಲೆ ಹೋದಮೇಲೆ ಸಿಗುವುದಿಲ್ಲ. ಜನ ಮಾತ್ರ ತಾಲ್ಲೂಕಿಗೆ ಕಡಿಮೆ ಫೀಸಿನ ವಕೀಲರು ಸಾಕು, ಮೇಲೆ ಹೋದಾಗ ದೊಡ್ಡವರನ್ನು ಇಡೋಣ ಅನ್ನುತ್ತಾರೆ. ಉಲ್ಟಾ ಮಾಡಬೇಕು.

ಕರಿಕೋಟು:

ಇದಕ್ಕೆ ನನ್ನ ಸಹಿಯೂ ಇದೆ. ತಾಲ್ಲೂಕು ವಕೀಲ ಅಂತ ಸ್ವಾರ್ಥಕ್ಕೆ ಹೇಳುತ್ತಿಲ್ಲ.

ಮೇಡಂ, ಕೊನೆಯದಾಗಿ ಮಾಡಬೇಕಾದ್ದು. ನೋಟಿಸಿನಲ್ಲಿರುವ ದಿನಾಂಕದೊಳಗೆ ಧಾರವಾಡದಲ್ಲಿ ಯಾರದ್ದಾದರೂ ವಕಾಲತ್ತು ಬೀಳಲಿ, ಇಲ್ಲದಿದ್ದರೆ ಸ್ಟೇ ಅರ್ಜಿಯಲ್ಲಿ ನಿಮ್ಮ ಮಾತು ಕೇಳುವವರೇ ಇರುವುದಿಲ್ಲ. ವಕಾಲತ್ತಿಗೆ ಅಪ್ಪನ ಸಹಿ ಬೇಕು, ನಿಮ್ಮದು ನಡೆಯುವುದಿಲ್ಲ. ಅವರಿಗೆ ಓಡಾಡಲು ಆಗದಿದ್ದರೆ ಕಾಗದವನ್ನು ಮನೆಗೇ ತಂದು ಸಹಿ ಮಾಡಿಸಿಕೊಳ್ಳಬಹುದು. ಎರಡೂ ತೀರ್ಪುಗಳ ದೃಢೀಕೃತ ನಕಲು ನಿಮ್ಮ ಹತ್ತಿರ ಇಲ್ಲದಿದ್ದರೆ ಇವತ್ತೇ ನಕಲು ಅರ್ಜಿ ಹಾಕಿಸಿ. ಕನ್ನಡದಲ್ಲಿರುವ ಕಾಗದಗಳಿಗೆ ಇಂಗ್ಲಿಷ್ ಅನುವಾದ ಕೇಳುತ್ತಾರೆ, ಅದಕ್ಕೂ ಸಮಯ ಹಿಡಿಯುತ್ತೆ. ಸ್ಟೇ ಇಲ್ಲ ಅಂತ ಖಚಿತವಾದರೆ ಎಫ್‌ಡಿಪಿಯನ್ನು ತಾಲ್ಲೂಕಲ್ಲಿ ನಿಮ್ಮ ಈಗಿನ ವಕೀಲರೇ ನಡೆಸಲಿ, ಫೈಲು ಅವರಿಗೆ ಬಾಯಿಪಾಠ ಆಗಿರುತ್ತೆ.

ಏಲಕ್ಕಿಹಾರ:

ಆಯಿತು ಸರ್. ವೆಬ್‌ಸೈಟಲ್ಲಿ ನೋಡಿದೆ, ಸ್ಟೇ ಆದೇಶ ಆಗಿಲ್ಲ, ಮುಂದಿನ ಸಲ ನೋಟಿಸ್ ತಲುಪಿದ ಬಗ್ಗೆ ಅಂತ ಇದೆ. ಶನಿವಾರ ಊರಿಗೆ ಹೋಗಿ ಅಪ್ಪನ ಸಹಿ ತಗೊಳ್ತೀನಿ. ಎಫ್‌ಡಿಪಿ ಯಾಕೆ ಹಾಕಿಲ್ಲ ಅಂತ ವಕೀಲರಿಗೆ ಫೋನಲ್ಲಿ ಕೇಳಿದರೆ, ನಿಮ್ಮ ತಂದೆಯವರು ಹೇಳಲೇ ಇಲ್ಲವಲ್ಲ ಅಂದರು. ಅಪ್ಪನನ್ನು ಕೇಳಿದರೆ, ವಕೀಲರು ಹೇಳಲಿಲ್ಲ ಅನ್ನುತ್ತಾರೆ.